ಹರಕೆಗೆ ಬರೆಸಿದ ಕಡಲ ಯುದ್ಧ

ಪರದೆಯ ಮೇಲಿರುವ ಚಿತ್ರದ ಮೇಲಿನ ಅರ್ಧವನ್ನು ಸದ್ಯಕ್ಕೆ ಬಿಟ್ಟುಬಿಡಿ. ಕೆಳಗಿನ ಅರ್ಧ ಮಾತ್ರ ನೋಡಿ. ಏನು ಕಾಣುತ್ತದೆ? ಹಾಯಿಕಂಬಗಳು, ಬಾವುಟಗಳು, ಹುಟ್ಟುಗಳು, ಒಂದಕ್ಕೊಂದು ಒತ್ತಿಕೊಂಡು ನಿಂತ ಹಡಗುಗಳು. ನೀರು ಕಾಣುವುದೇ ಕಷ್ಟ. ಆಳೆತ್ತರ ಬೆಳೆದ ಜೋಳದ ಹೊಲದ ಹಾಗೆ ಕಂಬಗಳು ಎದ್ದು ನಿಂತಿವೆ. ಅವುಗಳ ಸಂದಿಯಲ್ಲಿ ಮನುಷ್ಯರಿದ್ದಾರೆ, ಆದರೆ ಇರುವೆಯಷ್ಟು ಗಾತ್ರ. ಯಾರ ಮುಖವೂ ಗುರುತಾಗುವುದಿಲ್ಲ.

ನಾನು ಈ ಚಿತ್ರವನ್ನು ಮೊದಲ ಸಲ ನೋಡಿದ್ದು ಒಂದು ಪುಸ್ತಕದಲ್ಲಿ, ಅಂಗೈ ಅಗಲದ ಅಚ್ಚಿನಲ್ಲಿ. ಆಗ ಕೆಳಗಿನ ಭಾಗ ಮಸಿ ಚೆಲ್ಲಿದ ಹಾಗೆ ಕಂಡಿತ್ತು. ಮೇಲಿರುವ ಸಂತರನ್ನು ಒಮ್ಮೆ ನೋಡಿ ಪುಟ ಮಗುಚಿದ್ದೆ. ಎಷ್ಟೋ ವರ್ಷಗಳ ಮೇಲೆ ದೊಡ್ಡದು ಮಾಡಿ ನೋಡಿದಾಗ ನಾನು ಮಸಿ ಅಂದುಕೊಂಡದ್ದು ಒಂದು ಇಡೀ ಯುದ್ಧ ಅಂತ ತಿಳಿಯಿತು. ಇವತ್ತು ನಿಮ್ಮನ್ನು ಕೆಳಗಿನಿಂದಲೇ ಶುರುಮಾಡಿ ಅಂತ ಕೇಳುತ್ತಿರುವುದು ಅದಕ್ಕೇ.

ಇದು ಪಾವೊಲೊ ವೆರೊನೇಸೆ ಎಂಬ ಚಿತ್ರಕಾರ ಸುಮಾರು 1572ರಲ್ಲಿ ಬರೆದದ್ದು. ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಎತ್ತರ 169 ಸೆಂಟಿಮೀಟರ್, ಅಗಲ 137. ಅಂದರೆ ಐದೂವರೆ ಅಡಿ ಎತ್ತರ, ನಾಲ್ಕೂವರೆ ಅಡಿ ಅಗಲ. ನಾನೂರಕ್ಕೂ ಜಾಸ್ತಿ ಹಡಗುಗಳು ಸೇರಿದ್ದ ಯುದ್ಧಕ್ಕೆ ಇದು ಬಹಳ ಸಣ್ಣ ಜಾಗ. ಈಗ ವೆನಿಸ್ ನಗರದ ಅಕಾಡೆಮಿಯಾ ಗ್ಯಾಲರಿಯಲ್ಲಿದೆ. ಚಿತ್ರದ ಹೆಸರು 'ಲೆಪಾಂಟೊ ಯುದ್ಧದ ರೂಪಕ'. ಲೆಪಾಂಟೊ ಎಂದರೆ 1571ರಲ್ಲಿ ಕ್ರೈಸ್ತ ರಾಜ್ಯಗಳ ಕೂಟಕ್ಕೂ ಒಟ್ಟೊಮನ್ ಸಾಮ್ರಾಜ್ಯದ ತುರ್ಕರಿಗೂ ನಡೆದ ಕಡಲ ಯುದ್ಧ. ಗೆದ್ದವರು ಕ್ರೈಸ್ತರು.

ಎಣ್ಣೆ ಬಣ್ಣ, ಕ್ಯಾನ್ವಾಸ್ ಅಂದೆನಲ್ಲ, ಅಲ್ಲಿ ಒಂದು ನಿಮಿಷ ನಿಲ್ಲೋಣ. ವೆನಿಸ್ ನೀರಿನ ಮೇಲೆ ಕಟ್ಟಿದ ಊರು. ಉಪ್ಪು ಗಾಳಿ, ತೇವ. ಗೋಡೆಯ ಗಾರೆಯ ಮೇಲೆ ಬರೆದ ಚಿತ್ರ ಅಲ್ಲಿ ಬಾಳಿಕೆ ಬರುತ್ತಿರಲಿಲ್ಲ. ಆದರೆ ಹಡಗಿನ ಹಾಯಿಗೆ ನೇಯುವ ದಪ್ಪ ಬಟ್ಟೆಗೆ ಆ ಊರಿನಲ್ಲಿ ಬರವಿರಲಿಲ್ಲ. ವೆನಿಸ್‌ನ ಚಿತ್ರಕಾರರು ಬಟ್ಟೆಯ ಮೇಲೆ ಬರೆಯುವುದನ್ನು ಉಳಿದ ಊರುಗಳಿಗಿಂತ ಮೊದಲೇ ರೂಢಿ ಮಾಡಿಕೊಂಡರು. ಹಾಯಿಯಾಗಿ ಕಡಲಿಗೆ ಹೋಗುತ್ತಿದ್ದ ಬಟ್ಟೆಯ ಜಾತಿಯದೇ ಇನ್ನೊಂದು ತುಂಡಿನ ಮೇಲೆ ಕಡಲ ಯುದ್ಧ ಬಂದು ಕೂತಿತು. ಇದನ್ನು ನೆನೆದಾಗಲೆಲ್ಲ ನನಗೆ ಏನೋ ಸಂತೋಷ.

ಈಗ ನಾನು ಹೇಳಬೇಕು ಅಂತ ಬಂದಿರುವ ಮುಖ್ಯ ಮಾತು. ಈ ಚಿತ್ರವನ್ನು ಜನ ವಿಜಯದ ಚಿತ್ರ ಅನ್ನುತ್ತಾರೆ. ಗೆದ್ದ ಮೇಲೆ ಬರೆದದ್ದು, ಗೆಲುವಿನ ನೆನಪಿಗೆ ಬರೆದದ್ದು, ಅದೆಲ್ಲ ಸರಿ. ಆದರೆ ಇದು ಅದಕ್ಕಿಂತ ಮೊದಲು ಹರಕೆಯ ಚಿತ್ರ. ವೆನಿಸ್ ಪಕ್ಕದ ಮುರಾನೊ ಎಂಬ ದ್ವೀಪದಲ್ಲಿ ಸಂತ ಪೀಟರ್ ಮಾರ್ಟಿರ್ ಹೆಸರಿನ ಚರ್ಚ್ ಇದೆ. ಅಲ್ಲಿ ಜಪಸರ ಮಾತೆಯ, ಅಂದರೆ ಜಪಮಾಲೆಯ ಹೆಸರಿನಲ್ಲಿ ನೆನೆಯುವ ಮಾತೆ ಮರಿಯಾಳ, ಬಲಿಪೀಠದ ಎಡಗಡೆ ಇದು ತೂಗುತ್ತಿತ್ತು. ಬರೆಸಿದವನು ಮುರಾನೊದ ಪಿಯೆತ್ರೊ ಜುಸ್ತಿನಿಯನ್ ಇರಬೇಕು ಎಂದು ಪಂಡಿತರು ಹೇಳುತ್ತಾರೆ. ಅವನು ಆ ಯುದ್ಧದಲ್ಲಿ ಇದ್ದವನು.

ಹರಕೆ ಎಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕಣ್ಣು ವಾಸಿಯಾದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇವೆ. ಮಗು ಉಳಿದರೆ ತೊಟ್ಟಿಲು ಕಟ್ಟುತ್ತೇವೆ. ಒಪ್ಪಿಸುವಾಗ ಆ ಭಯದ ಗಳಿಗೆ ಮತ್ತೆ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಕೈಮುಗಿದು ಕೇಳಿಕೊಂಡ ಗಳಿಗೆ. ಈ ಚಿತ್ರದ ಒಳಗೂ ಅದೇ ಇದೆ. ಗೆದ್ದವರ ಮೆರವಣಿಗೆ ಇದರಲ್ಲಿ ಎಲ್ಲೂ ಇಲ್ಲ. ಕೇಳಿಕೊಳ್ಳುತ್ತಿರುವವರು ಇದ್ದಾರೆ.

ಕೇಳಿಕೊಳ್ಳುವಂಥದ್ದು ಏನಾಗಿತ್ತು? 1570ರಲ್ಲಿ ಒಟ್ಟೊಮನ್ ಸೈನ್ಯ ಸೈಪ್ರಸ್ ದ್ವೀಪದ ಮೇಲೆ ಇಳಿಯಿತು. ಸೈಪ್ರಸ್ ಆಗ ವೆನಿಸ್ ಗಣರಾಜ್ಯದ ಕೈಯಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಕೋಸಿಯಾ ಬಿತ್ತು. ಫಮಗುಸ್ತಾ ಎಂಬ ಕೋಟೆ ಊರು ಮಾತ್ರ ತಿಂಗಳುಗಟ್ಟಲೆ ತಡೆದು ನಿಂತಿತು. 1571ರ ಆಗಸ್ಟ್‌ನಲ್ಲಿ ಅದೂ ಶರಣಾಯಿತು. ಶರಣಾದ ಮೇಲೆ ಕೋಟೆಯ ಅಧಿಕಾರಿ ಮಾರ್ಕಂತೋನಿಯೊ ಬ್ರಗದೀನ್‌ನನ್ನು ಜೀವಂತ ಚರ್ಮ ಸುಲಿದು ಕೊಂದರು. ಈ ಸುದ್ದಿ ಕ್ರೈಸ್ತರ ನೌಕಾಪಡೆಗೆ ತಲುಪಿದ್ದು ಯುದ್ಧಕ್ಕೆ ಕೆಲವೇ ದಿನ ಮೊದಲು. ಹಡಗಿನಲ್ಲಿದ್ದ ವೆನಿಸ್‌ನವರಿಗೆ ಅದನ್ನು ಕೇಳಿ ಏನಾಗಿರಬೇಕು, ಯೋಚಿಸಿ.

ಪಡೆಯ ಕತೆಯೂ ಅಷ್ಟೇ ಕಷ್ಟದ್ದು. ಪೋಪ್ ಐದನೇ ಪಿಯುಸ್ ಬಹಳ ಓಡಾಡಿ ಒಂದು ಕೂಟ ಕಟ್ಟಿದ್ದರು. ಸ್ಪೇನ್, ವೆನಿಸ್, ಪೋಪರ ರಾಜ್ಯ, ಜಿನೋವಾ, ಸವಾಯ್, ಮಾಲ್ಟಾದ ನೈಟ್‌ಗಳು ಎಂಬ ಧರ್ಮಯೋಧರ ಪಂಗಡ, ಎಲ್ಲರೂ ಅದರಲ್ಲಿದ್ದರು. ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇರಲಿಲ್ಲ. ಸ್ಪೇನಿಗೂ ವೆನಿಸ್‌ಗೂ ಆಗಿಬರುತ್ತಿರಲಿಲ್ಲ. ಮುಖ್ಯ ದಂಡನಾಯಕ ಡಾನ್ ಹುವಾನ್, ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಮಲತಮ್ಮ. ವಯಸ್ಸು 24. ವೆನಿಸ್ ಪಡೆಯ ಮುಖ್ಯಸ್ಥ ಸೆಬಾಸ್ತಿಯಾನೊ ವೆನಿಯರ್‌ಗೆ ಎಪ್ಪತ್ತು ದಾಟಿತ್ತು. ದಾರಿಯಲ್ಲೇ ಈ ಇಬ್ಬರ ನಡುವೆ ಜಗಳವಾಗಿ ಮಾತು ನಿಂತಿತ್ತು. ಇಂಥ ಕೂಟ ಒಟ್ಟಿಗೆ ನಿಂತು ಕಾದಾಡುತ್ತದೆ ಎಂದು ಯಾರೂ ನೆಚ್ಚಿಕೊಂಡಿರಲಿಲ್ಲ.

ಯುದ್ಧ ಆದದ್ದು 1571ರ ಅಕ್ಟೋಬರ್ 7, ಭಾನುವಾರ. ಜಾಗ ಈಗಿನ ಗ್ರೀಸ್ ದೇಶದ ಪಶ್ಚಿಮ ಕರಾವಳಿ, ಪತ್ರಾಸ್ ಕೊಲ್ಲಿಯ ಬಾಯಿ. ಲೆಪಾಂಟೊ ಎನ್ನುವುದು ಒಟ್ಟೊಮನ್ ನೌಕಾಪಡೆ ಹೊರಟು ಬಂದ ಬಂದರು. ಈಗ ಅದರ ಹೆಸರು ನಾಫ್ಪಕ್ಟೋಸ್. ಎರಡೂ ಕಡೆ ತಲಾ ಇನ್ನೂರಕ್ಕಿಂತ ಜಾಸ್ತಿ ಗ್ಯಾಲಿಗಳು. ಗ್ಯಾಲಿ ಎಂದರೆ ಉದ್ದನೆಯ, ತಗ್ಗಾದ ಹಡಗು. ಹಾಯಿ ಇರುತ್ತದೆ, ಆದರೆ ಯುದ್ಧದಲ್ಲಿ ಓಡಿಸುವುದು ಹುಟ್ಟು ಹಾಕಿ. ಹುಟ್ಟುಗಾರರ ಮಾತು ಆಮೇಲೆ ಹೇಳುತ್ತೇನೆ, ಅದು ಮುಖ್ಯ.

ಕ್ರೈಸ್ತರ ಕಡೆ ಅರ್ಧದಷ್ಟು ಗ್ಯಾಲಿಗಳು ವೆನಿಸ್‌ನವೇ. ಅವುಗಳ ಜೊತೆಗೆ ವೆನಿಸ್ ಇನ್ನೊಂದು ಹೊಸ ತರಹದ ಹಡಗು ತಂದಿತ್ತು, ಗ್ಯಾಲಿಯಾಸ್. ದೊಡ್ಡ ವ್ಯಾಪಾರದ ಹಡಗಿಗೆ ಸುತ್ತಲೂ ಫಿರಂಗಿ ಕೂರಿಸಿದ್ದು. ಇದ್ದದ್ದು ಬರೀ ಆರು. ಬಹಳ ಭಾರ, ತಾವಾಗಿ ಬೇಗ ಚಲಿಸಲು ಆಗದು. ಅವುಗಳನ್ನು ಗ್ಯಾಲಿಗಳಿಗೆ ಕಟ್ಟಿ ಎಳೆಸಿ, ಸಾಲಿನ ಮುಂದೆ ನಿಲ್ಲಿಸಲು ನೋಡಿದರು. ಒಟ್ಟೊಮನ್ ಹಡಗುಗಳು ಸಾಲಾಗಿ ಬಂದಾಗ ಆ ಫಿರಂಗಿಗಳ ಏಟಿಗೆ ಸಾಲು ಮುರಿಯಿತು. ಡಾನ್ ಹುವಾನ್ ಇನ್ನೊಂದು ಕೆಲಸ ಮಾಡಿಸಿದ್ದ. ಗ್ಯಾಲಿಗಳ ಮೂತಿಯಲ್ಲಿ ಚಾಚಿಕೊಂಡಿದ್ದ ಮರದ ಕೊಕ್ಕುಗಳನ್ನು ಕಡಿಸಿಹಾಕಿದ್ದ. ಕೊಕ್ಕು ಅಡ್ಡ ಇದ್ದರೆ ಮುಂದಿನ ಫಿರಂಗಿಯನ್ನು ತಗ್ಗಿಸಿ ಹೊಡೆಯಲು ಆಗುತ್ತಿರಲಿಲ್ಲ.

ಬೆಳಿಗ್ಗೆ ಗಾಳಿ ಪೂರ್ವದಿಂದ ಬೀಸುತ್ತಿತ್ತು, ಒಟ್ಟೊಮನ್ನರಿಗೆ ಅನುಕೂಲವಾಗಿ. ಯುದ್ಧ ಶುರುವಾಗುವ ಹೊತ್ತಿಗೆ ಅದು ನಿಂತು, ತಿರುಗಿ, ಪಶ್ಚಿಮದಿಂದ ಬೀಸಿತು. ಹಡಗಿನ ಮೇಲೆ ನಿಂತವರಿಗೆ ಇದು ಸುಮ್ನೆ ಹವೆ ಬದಲಾದ ಮಾತಾಗಿರಲಿಲ್ಲ. ಯಾರೋ ಮೇಲಿನಿಂದ ಕೈ ಆಡಿಸಿದ ಹಾಗೆ ಕಂಡಿತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ನಾಲ್ಕೈದು ಗಂಟೆಯಲ್ಲಿ ಮುಗಿಯಿತು. ಒಟ್ಟೊಮನ್ ದಂಡನಾಯಕ ಅಲಿ ಪಾಷಾ ಸತ್ತ. ಅವರ ನೂರಕ್ಕೂ ಜಾಸ್ತಿ ಗ್ಯಾಲಿಗಳು ಸೆರೆ ಸಿಕ್ಕವು. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಆದರೆ ಎರಡೂ ಕಡೆ ಸೇರಿದರೆ ಹತ್ತಾರು ಸಾವಿರ. ಕ್ರೈಸ್ತರ ಸಾಲಿನ ಎಡಗಡೆಯ ಹಡಗುಗಳನ್ನು ನಡೆಸುತ್ತಿದ್ದವನು ವೆನಿಸ್‌ನ ಅಗೊಸ್ತಿನೊ ಬಾರ್ಬರಿಗೊ. ತನ್ನ ಮಾತು ಕೇಳಿಸಲಿ ಎಂದು ಮುಖದ ಕವಚ ಎತ್ತಿದನಂತೆ. ಬಾಣ ಕಣ್ಣಿಗೆ ನೆಟ್ಟಿತು. ಅವನು ಉಳಿಯಲಿಲ್ಲ.

ಸುದ್ದಿ ವೆನಿಸ್‌ಗೆ ತಲುಪಲು ಹನ್ನೆರಡು ದಿನ ಬೇಕಾಯಿತು. ಅಕ್ಟೋಬರ್ 19ರಂದು ಒಂದು ಗ್ಯಾಲಿ ಬಂದಿತು. ಅದರ ನಾಯಕ ಒನ್‌ಫ್ರೆ ಜುಸ್ತಿನಿಯನ್. ಗೆದ್ದುಕೊಂಡ ತುರ್ಕಿ ಬಾವುಟಗಳನ್ನು ಹಡಗಿನ ಹಿಂದೆ ನೀರಿನಲ್ಲಿ ಎಳೆದುಕೊಂಡು ಬಂದಿದ್ದರು. ದಡದಲ್ಲಿ ನಿಂತವರಿಗೆ ಮೊದಲು ಗಾಬರಿ, ತುರ್ಕಿಯವರೇ ಬಂದರೋ ಏನೋ ಎಂದು. ಆಮೇಲೆ ಗೊತ್ತಾಯಿತು. ಅಂಗಡಿಗಳು ಮುಚ್ಚಿದವು, ಊರೆಲ್ಲ ಚೌಕಕ್ಕೆ ಓಡಿತು. ನೋಡಿ, ಸುದ್ದಿ ತಂದವನು ಒಬ್ಬ ಜುಸ್ತಿನಿಯನ್. ಈ ಚಿತ್ರ ಬರೆಸಿದವನು ಇನ್ನೊಬ್ಬ ಜುಸ್ತಿನಿಯನ್. ಗೆದ್ದ ದಿನ ಅಕ್ಟೋಬರ್ 7, ಸಂತ ಜುಸ್ತಿನಾಳ ಹಬ್ಬ. ಆ ಮನೆತನದವರಿಗೆ ಈ ಹೆಸರಿನ ಹೊಂದಿಕೆ ಎಷ್ಟು ಹತ್ತಿರದ್ದಾಗಿ ಕಂಡಿರಬೇಕು!

ಈಗ ಕಣ್ಣು ಮೇಲೆತ್ತಿ.

ಚಿತ್ರದ ನಡುವೆ ಮೋಡದ ಒಂದು ದಪ್ಪ ಪಟ್ಟಿ ಇದೆ. ಅದು ಮನೆಯ ಅಟ್ಟದ ಹಲಗೆ ಇದ್ದ ಹಾಗೆ. ಕೆಳಗೆ ಯುದ್ಧ, ಮೇಲೆ ಸ್ವರ್ಗ. ಮೇಲಿರುವವರು ಕೆಳಗಿನವರಿಗಿಂತ ಎಷ್ಟೋ ಪಾಲು ದೊಡ್ಡವರು. ಅವರ ಬಟ್ಟೆಯ ಮಡಿಕೆ, ಕೈಬೆರಳು ಎಲ್ಲ ಕಾಣುತ್ತದೆ. ಮೇಲೆ ಮಾತೆ ಮರಿಯಾ. ಅವಳ ಮುಂದೆ ಒಂದು ಗುಂಪು. ಒಬ್ಬೊಬ್ಬರನ್ನೂ ಅವರ ಕೈಯಲ್ಲಿರುವುದರಿಂದ ಗುರುತಿಸಬೇಕು. ಡಮರು ಕಂಡರೆ ಶಿವ, ಚಕ್ರ ಕಂಡರೆ ವಿಷ್ಣು ಅನ್ನುತ್ತೇವಲ್ಲ, ಅದೇ ಕ್ರಮ. ಬೀಗದ ಕೈ ಹಿಡಿದವನು ಸಂತ ಪೇತ್ರ. ಯಾತ್ರಿಕನ ಕೋಲು ಹಿಡಿದವನು ಸಂತ ಯಾಕೋಬ ಎಂದು ಕೆಲವರು, ಸಂತ ರೋಕ್ ಎಂದು ಇನ್ನು ಕೆಲವರು. ಕಠಾರಿ ಹಿಡಿದವಳು ಜುಸ್ತಿನಾ. ಸಿಂಹದ ಜೊತೆ ಇರುವವನು ಸಂತ ಮಾರ್ಕ.

ಈಗ ಇದನ್ನೇ ರಾಜಕೀಯವಾಗಿ ಓದಿ. ಪೇತ್ರ ಎಂದರೆ ಪೋಪ್, ಅವನನ್ನೇ ಮೊದಲ ಪೋಪ್ ಎನ್ನುತ್ತಾರೆ. ಮಾರ್ಕ ಎಂದರೆ ವೆನಿಸ್, ಅವನ ಸಿಂಹವೇ ಆ ರಾಜ್ಯದ ಲಾಂಛನ. ಕೋಲು ಹಿಡಿದವನು ಯಾಕೋಬನಾದರೆ ಅದು ಸ್ಪೇನ್, ಅವನು ಆ ದೇಶದ ಕಾವಲಿನ ಸಂತ. ಅಂದರೆ ಕೆಳಗೆ ಜಗಳಾಡುತ್ತಾ ಬಂದ ಕೂಟ ಮೇಲೆ ಒಂದೇ ಸಾಲಿನಲ್ಲಿ ನಿಂತು, ಒಬ್ಬಳ ಹತ್ತಿರ ಒಂದೇ ಮಾತು ಕೇಳುತ್ತಿದೆ. ರೂಪಕ ಎಂದರೆ ಬರೀ ಅಲಂಕಾರ ಎಂದುಕೊಳ್ಳುವವರಿಗೆ ನಾನು ಇದನ್ನು ತೋರಿಸುತ್ತೇನೆ. ಒಬ್ಬರನ್ನೊಬ್ಬರು ನಂಬದ ಮೂರು ಶಕ್ತಿಗಳು ಒಟ್ಟಿಗೆ ನಿಂತದ್ದೇ ಆ ದಿನದ ಎಲ್ಲಕ್ಕಿಂತ ದೊಡ್ಡ ಸಂಗತಿ. ಹಡಗು, ಫಿರಂಗಿ ಬರೆದು ಅದನ್ನು ತೋರಿಸಲು ಆಗುವುದಿಲ್ಲ. ಸಂತರನ್ನು ಬರೆದೇ ತೋರಿಸಬೇಕು.

ಜುಸ್ತಿನಾಳನ್ನು ಇನ್ನೂ ಸ್ವಲ್ಪ ನೋಡೋಣ. ಅವಳು ಪಾದುವಾ ಊರಿನ ಹುತಾತ್ಮಳು. ಕಠಾರಿ ಅವಳನ್ನು ಕೊಂದ ಆಯುಧ. ಉಳಿದ ಸಂತರು ದೇಶಗಳಿಗಾಗಿ ನಿಂತಿದ್ದರೆ ಇವಳು ನಿಂತಿರುವುದು ಒಂದು ದಿನಕ್ಕಾಗಿ. ಚಿತ್ರದಲ್ಲಿ ತಾರೀಖು ಬರೆಯುವ ಬದಲು ಅವಳನ್ನು ಬರೆದಿದ್ದಾರೆ. ಆ ಕಾಲದ ವೆನಿಸ್‌ನವನಿಗೆ ಕಠಾರಿ ಹಿಡಿದ ಹೆಣ್ಣು ಎಂದರೆ ಅಕ್ಟೋಬರ್ 7. ಗೆಲುವಿನ ಮೇಲೆ ವೆನಿಸ್ ಹೊಡೆಸಿದ ಬೆಳ್ಳಿ ನಾಣ್ಯಕ್ಕೂ 'ಜುಸ್ತಿನಾ' ಎಂದೇ ಹೆಸರು. ಅದರ ಮೇಲೆ ಲ್ಯಾಟಿನ್‌ನಲ್ಲಿ 'ಕನ್ಯೆ ಜುಸ್ತಿನಾ, ನಿನ್ನನ್ನು ನೆನೆಯುತ್ತಿರುತ್ತೇನೆ' ಎಂದು ಇತ್ತು. ಸಾಲ ಮಾಡಿದವನು ಕೊಟ್ಟ ಮಾತಿನ ಹಾಗಿದೆ, ಅಲ್ವಾ?

ಇನ್ನೊಬ್ಬಳು ಉಳಿದಳು. ಬಿಳಿ ಮುಸುಕು ಹಾಕಿಕೊಂಡು ಮಂಡಿಯೂರಿದ್ದಾಳಲ್ಲ, ಅವಳು. ಅವಳೇ ವೆನಿಸ್. ಊರನ್ನೇ ಹೆಣ್ಣಾಗಿ ಬರೆದದ್ದು. ಕೆಲವರು ಅವಳನ್ನು 'ನಂಬಿಕೆ' ಎನ್ನುತ್ತಾರೆ. ನನಗೆ ಅವಳು ವೆನಿಸ್ ಎಂದೇ ಅನಿಸುತ್ತದೆ. ಈ ಊರು ತನ್ನನ್ನು ತಾನು ಬರೆಸಿಕೊಂಡ ಬೇರೆ ಚಿತ್ರಗಳನ್ನು ನೀವು ನೋಡಿರಬಹುದು. ಸಿಂಹಾಸನ, ಕಿರೀಟ, ಜರಿಯ ಬಟ್ಟೆ, ಸುತ್ತಲೂ ಕಾಣಿಕೆ ತಂದವರು. ವೆರೊನೇಸೆಯೇ ಡೋಜ್ ಅರಮನೆಯ ಮಾಳಿಗೆಗೆ ಅಂಥ ಕಿರೀಟದ ವೆನಿಸ್ ಬರೆದ. ಡೋಜ್ ಎಂದರೆ ವೆನಿಸ್ ಗಣರಾಜ್ಯದ ಮುಖ್ಯಸ್ಥ. ಇಲ್ಲಿ ಅದೇ ಊರು ಒಡವೆಯಿಲ್ಲದೆ, ತಲೆಗೆ ಮುಸುಕು ಹೊದ್ದು, ನೆಲಕ್ಕೆ ಮಂಡಿಯೂರಿದೆ. ಈ ಒಂದು ಆಕೃತಿಗಾಗಿ ನಾನು ಈ ಚಿತ್ರವನ್ನು ಉಳಿದ ಎಲ್ಲಕ್ಕಿಂತ ಮೇಲಿಡುತ್ತೇನೆ.

ಈಗ ಬಲಗಡೆ ನೋಡಿ. ಒಬ್ಬ ದೇವದೂತ ಕೆಳಗೆ ಉರಿಯುವ ಬಾಣಗಳನ್ನು ಎಸೆಯುತ್ತಿದ್ದಾನೆ. ಅವನ ಕೆಳಗೆ ಕಪ್ಪು ಮೋಡ, ಅದರ ಕೆಳಗೆ ಒಟ್ಟೊಮನ್ ಹಡಗುಗಳು. ಇತ್ತ ಮೋಡ ಸೀಳಿ ಬೆಳಕಿನ ಗೆರೆಗಳು ಕ್ರೈಸ್ತರ ಹಡಗುಗಳ ಮೇಲೆ ಬೀಳುತ್ತಿವೆ. ಗಾಳಿ ತಿರುಗಿದ್ದು ನೆನಪಿದೆಯಲ್ಲ? ಗಾಳಿಯನ್ನು ಬಣ್ಣದಲ್ಲಿ ಬರೆಯಲು ಆಗದು. ಮೇಲಿನಿಂದ ಕೈ ಆಡಿತು ಎಂದು ಅವರಿಗೆ ಅನಿಸಿದ್ದನ್ನು ವೆರೊನೇಸೆ ಬೆಳಕು ಕತ್ತಲೆಯಾಗಿ ಬರೆದ.

ಆದರೆ ಬಾಣ ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಲೆಪಾಂಟೊದಲ್ಲಿ ಕ್ರೈಸ್ತರ ಮುಖ್ಯ ಬಲ ಫಿರಂಗಿ ಮತ್ತು ಬಂದೂಕು. ಬಿಲ್ಲು ಬಾಣದಲ್ಲಿ ನುರಿತವರು ಒಟ್ಟೊಮನ್ನರು. ಬಾರ್ಬರಿಗೊ ಸತ್ತದ್ದೂ ಬಾಣದಿಂದಲೇ. ಗುಂಡಿನಿಂದ ಗೆದ್ದ ಯುದ್ಧಕ್ಕೆ ವೆರೊನೇಸೆ ಶತ್ರುವಿನ ಆಯುಧವನ್ನು ದೇವದೂತನ ಕೈಗೆ ಕೊಟ್ಟಿದ್ದಾನೆ. ದೇವರ ಸಿಟ್ಟು ಉರಿಯುವ ಬಾಣವಾಗಿ ಇಳಿಯುತ್ತದೆ ಎನ್ನುವುದು ಬೈಬಲ್‌ನಲ್ಲೇ ಬರುವ ಹಳೆಯ ಮಾತು, ಅದು ಒಂದು ಕಾರಣ. ನನಗೆ ಹೊಳೆಯುವುದು ಇನ್ನೊಂದು. ಫಿರಂಗಿ ಬರೆದಿದ್ದರೆ ಗೆಲುವು ಆರು ಗ್ಯಾಲಿಯಾಸ್‌ಗಳದ್ದು, ಅವನ್ನು ಕಟ್ಟಿದ ಕಾರ್ಖಾನೆಯದ್ದು ಆಗುತ್ತಿತ್ತು. ಹರಕೆಯ ಚಿತ್ರದಲ್ಲಿ ಗೆಲುವು ಕೇಳಿಕೊಂಡವರದ್ದೂ ಕೊಟ್ಟವರದ್ದೂ ಆಗಿರಬೇಕು. ಹಾಗಾಗಿ ಮನುಷ್ಯ ಮಾಡಿದ ಮದ್ದುಗುಂಡಿಗೆ ಸ್ವರ್ಗದಲ್ಲಿ ಜಾಗ ಸಿಗಲಿಲ್ಲ.

ಇಲ್ಲಿ ನನಗೆ ಈ ಚಿತ್ರದ ಜೊತೆ ಒಂದು ತಕರಾರಿದೆ. ಬಹಳ ಪ್ರೀತಿಯಿಂದ ನೋಡಿದ ಮೇಲೂ ಉಳಿದಿರುವ ತಕರಾರು. ಆಗ ಹುಟ್ಟುಗಾರರ ಮಾತು ಹೇಳುತ್ತೇನೆ ಅಂದಿದ್ದೆನಲ್ಲ, ಅದು ಈಗ.

ಒಂದು ಗ್ಯಾಲಿಯಲ್ಲಿ ನೂರೈವತ್ತು, ಇನ್ನೂರು ಜನ ಹುಟ್ಟು ಹಾಕುತ್ತಿದ್ದರು. ವೆನಿಸ್ ಹಡಗುಗಳಲ್ಲಿ ಕೂಲಿಗೆ ಬಂದವರೂ ಇದ್ದರು, ಶಿಕ್ಷೆಗೆ ಗುರಿಯಾದ ಕೈದಿಗಳೂ ಇದ್ದರು. ಸ್ಪೇನಿನ ಕಡೆಯ ಹಡಗುಗಳಲ್ಲಿ ಕೈದಿಗಳ ಜೊತೆಗೆ ಸೆರೆಸಿಕ್ಕ ಮುಸ್ಲಿಮರನ್ನು ಸರಪಳಿ ಹಾಕಿ ಕೂರಿಸುತ್ತಿದ್ದರು. ಒಟ್ಟೊಮನ್ ಹಡಗುಗಳಲ್ಲಿ ಸರಪಳಿ ಹಾಕಿಸಿಕೊಂಡು ಕೂತವರು ಬಹಳ ಮಟ್ಟಿಗೆ ಸೆರೆಸಿಕ್ಕ ಕ್ರೈಸ್ತರು. ಅಂದಿನ ಯುದ್ಧದ ಕೊನೆಯಲ್ಲಿ ಒಟ್ಟೊಮನ್ ಹಡಗುಗಳಿಂದ ಬಿಡುಗಡೆಯಾದ ಕ್ರೈಸ್ತರೇ ಸುಮಾರು 12,000 ಜನ ಎನ್ನುತ್ತಾರೆ. ಇನ್ನೂ ಜಾಸ್ತಿ ಹೇಳುವವರೂ ಇದ್ದಾರೆ.

ಈಗ ಆ ಬೆಂಕಿಯ ಬಾಣಗಳನ್ನು ಮತ್ತೆ ನೋಡಿ. ಅವು ಯಾವ ಹಡಗುಗಳ ಮೇಲೆ ಬೀಳುತ್ತಿವೆಯೋ ಅವುಗಳ ಹೊಟ್ಟೆಯಲ್ಲಿ, ಬೆಂಚಿಗೆ ಕಟ್ಟಿಸಿಕೊಂಡು, ಇದೇ ಮಾತೆ ಮರಿಯಾಳನ್ನು ಕೂಗುತ್ತಿದ್ದ ಸಾವಿರಾರು ಜನ ಇದ್ದರು. ಹಡಗಿಗೆ ಬೆಂಕಿ ಬಿದ್ದರೆ ಸರಪಳಿಯಲ್ಲಿದ್ದವನು ನೀರಿಗೆ ಹಾರಲೂ ಆಗದು. ಚಿತ್ರದಲ್ಲಿ ಒಂದು ಕಡೆ ಬೆಳಕು, ಒಂದು ಕಡೆ ಕತ್ತಲೆ. ಗೆರೆ ಎಷ್ಟು ಸಲೀಸಾಗಿದೆ. ಹಡಗಿನ ಒಳಗೆ ಆ ಗೆರೆ ಹಾಗೆ ಇರಲಿಲ್ಲ. ಬೆಳಕು ಬಿದ್ದ ಕಡೆಯೂ ಸರಪಳಿ ಇತ್ತು, ಕತ್ತಲೆಯ ಕಡೆಯೂ ಪ್ರಾರ್ಥನೆ ಇತ್ತು. ವೆರೊನೇಸೆ ಹುಟ್ಟುಗಳನ್ನು ಬರೆದ. ಹಿಡಿದ ಕೈಗಳನ್ನು ಬರೆಯಲಿಲ್ಲ. ರೂಪಕಕ್ಕೆ ಇಂಥದ್ದೊಂದು ಬೆಲೆ ಇದೆ. ಸಂತರು ಒಟ್ಟಿಗೆ ನಿಂತದ್ದನ್ನು ತೋರಿಸಿದ ಆ ಮೋಡದ ಹಲಗೆಯೇ ಕೆಳಗಿನವರನ್ನು ಬರೀ ಎರಡು ಬಣ್ಣ ಮಾಡಿಬಿಟ್ಟಿತು.

ನಮ್ಮ ಕಡೆಯವರಿಗೆ ಕೆಳಗೆ ಯುದ್ಧ, ಮೇಲೆ ಸ್ವರ್ಗ ಎನ್ನುವ ಜೋಡಣೆ ಹೊಸದಲ್ಲ. ವೀರಗಲ್ಲು ನೋಡಿದ್ದೀರಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಹಡಗಿನ ಯುದ್ಧ ಕೆತ್ತಿದ ವೀರಗಲ್ಲುಗಳೂ ಇವೆ. ಮುಂಬೈ ಬೊರಿವಲಿ ಹತ್ತಿರದ ಎಕ್ಸಾರ್‌ನಲ್ಲಿ ಹುಟ್ಟುಗಳ ಸಾಲು ಚಾಚಿದ ಹಡಗುಗಳನ್ನು ಕಲ್ಲಿನಲ್ಲಿ ಕಾಣಬಹುದು. ಇದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ವೀರಗಲ್ಲು ಓದಿ ಬಂದ ಕಣ್ಣಿಗೆ ಇಲ್ಲಿ ಒಂದು ಕೊರತೆ ಥಟ್ಟನೆ ಕಾಣುತ್ತದೆ. ಕೆಳಗಿನಿಂದ ಮೇಲೆ ಹೋಗುವ ವೀರ ಎಲ್ಲಿ? ಡಾನ್ ಹುವಾನ್ ಇಲ್ಲ, ವೆನಿಯರ್ ಇಲ್ಲ, ಕಣ್ಣಿಗೆ ಬಾಣ ಬಿದ್ದ ಬಾರ್ಬರಿಗೊ ಇಲ್ಲ. ಮೇಲೆ ಇರುವವರು ಎಲ್ಲ ಸಂತರು ಮತ್ತು ಒಂದು ಊರು.

ಇದೇ ಗೆಲುವಿಗೆ ಬರೆದ ಇನ್ನೆರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ವೆನಿಸ್‌ನ ಹಿರಿಯ ಚಿತ್ರಕಾರ ಟಿಷಿಯನ್ 1573ರಿಂದ 1575ರ ನಡುವೆ ಸ್ಪೇನಿನ ದೊರೆಗಾಗಿ ಬರೆದದ್ದು. ಟಿಷಿಯನ್‌ಗೆ ಆಗ ಎಂಬತ್ತರ ಆಸುಪಾಸು. ಯುದ್ಧವಾದ ಎರಡು ತಿಂಗಳಿಗೆ, 1571ರ ಡಿಸೆಂಬರ್ 4ರಂದು, ಎರಡನೇ ಫಿಲಿಪ್‌ಗೆ ಗಂಡುಮಗು ಹುಟ್ಟಿತು, ಫರ್ನಾಂಡೊ. ಚಿತ್ರದಲ್ಲಿ ದೊರೆ ಆ ಮಗುವನ್ನು ಎರಡು ಕೈಯಲ್ಲಿ ಮೇಲೆತ್ತಿದ್ದಾನೆ. ಆಕಾಶದಿಂದ ತಲೆಕೆಳಗಾಗಿ ಹಾರಿಬಂದ ವಿಜಯದೇವತೆ ಮಗುವಿಗೆ ತಾಳೆಗರಿ ಕೊಡುತ್ತಿದ್ದಾಳೆ. ಅದರ ಜೊತೆ ಒಂದು ಪಟ್ಟಿ, ಅದರಲ್ಲಿ 'ಇದಕ್ಕಿಂತ ದೊಡ್ಡವು ನಿನಗೆ' ಎಂಬ ಅರ್ಥದ ಎರಡು ಲ್ಯಾಟಿನ್ ಪದ. ಕೆಳಗೆ ಕೈಕಟ್ಟಿಸಿಕೊಂಡು ಕೂತ ತುರ್ಕಿ ಸೆರೆಯಾಳು. ಯುದ್ಧ ಹಿಂದೆಲ್ಲೋ ದೂರದಲ್ಲಿ ಉರಿಯುತ್ತಿದೆ. ದೊರೆ ಯುದ್ಧಕ್ಕೆ ಹೋಗಿರಲಿಲ್ಲ, ಆದರೂ ಚಿತ್ರ ಪೂರ್ತಿ ಅವನದ್ದೇ. ಆ ಮಗು ಫರ್ನಾಂಡೊ 1578ರಲ್ಲಿ ತೀರಿಕೊಂಡ. ಏಳು ವರ್ಷವೂ ತುಂಬಿರಲಿಲ್ಲ. ಆ ಪಟ್ಟಿಯ ಮಾತನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಇನ್ನೊಂದು ವೆರೊನೇಸೆಯದ್ದೇ. ವೆನಿಯರ್ 1577ರಲ್ಲಿ ಡೋಜ್ ಆದ, ಮರುವರ್ಷ ತೀರಿಕೊಂಡ. ಅವನ ನೆನಪಿಗೆ ಡೋಜ್ ಅರಮನೆಯ ಮಂತ್ರಿಸಭೆಯ ಕೋಣೆಗೆ ವೆರೊನೇಸೆ ದೊಡ್ಡ ಚಿತ್ರ ಬರೆದುಕೊಟ್ಟ. ಅಲ್ಲಿ ವೆನಿಯರ್ ಮುಂದೆಯೇ ಮಂಡಿಯೂರಿದ್ದಾನೆ. ಬಾರ್ಬರಿಗೊ ಇದ್ದಾನೆ, ಜುಸ್ತಿನಾ ಇದ್ದಾಳೆ. ಮುಖಗಳೆಲ್ಲ ಗುರುತು ಸಿಗುತ್ತವೆ. ಯುದ್ಧ ಹಿಂದಕ್ಕೆ ಸರಿದಿದೆ. ಹತ್ತು ವರ್ಷದೊಳಗೆ ಒಬ್ಬನೇ ಚಿತ್ರಕಾರನ ಕೈಯಲ್ಲಿ ಗೆಲುವಿಗೆ ಮುಖ, ಹೆಸರು, ಪದವಿ ಬಂದಿತ್ತು. ಮುರಾನೊದ ಚಿತ್ರ ಬರೆದಾಗ ಗಾಯಗಳು ಇನ್ನೂ ಹಸಿ ಇದ್ದವು. ಯಾರ ಮನೆಯ ಯಾರು ಸತ್ತರು ಎಂದು ಊರು ಎಣಿಸುತ್ತಿದ್ದ ಕಾಲ. ಆಗ ಯಾರೊಬ್ಬರ ಮುಖವನ್ನೂ ದೊಡ್ಡದು ಮಾಡಲು ಮನಸ್ಸು ಬಂದಿರಲಾರದು ಎಂದು ನನ್ನ ಊಹೆ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ನಿಮ್ಮಲ್ಲಿ ಮಂಗಳೂರು ಕಡೆಯವರಿದ್ದರೆ ಅಕ್ಟೋಬರ್ ತಿಂಗಳ ಜಪಸರದ ಪ್ರಾರ್ಥನೆ ಗೊತ್ತಿರುತ್ತದೆ. ಅಕ್ಟೋಬರ್ 7 ಜಪಸರ ಮಾತೆಯ ಹಬ್ಬ. ಆ ಹಬ್ಬ ಬಂದದ್ದು ಇದೇ ಯುದ್ಧದಿಂದ. ಲೆಪಾಂಟೊದ ಭಾನುವಾರ ರೋಮ್‌ನಲ್ಲಿ ಜಪಸರ ಸಂಘದವರು ಮೆರವಣಿಗೆ ಮಾಡುತ್ತಿದ್ದರು. ಗೆಲುವು ಅದರಿಂದಲೇ ಬಂತು ಎಂದು ಐದನೇ ಪಿಯುಸ್ ನಂಬಿದರು, ವಿಜಯ ಮಾತೆಯ ಹಬ್ಬ ಎಂದು ಸಾರಿದರು. 1573ರಲ್ಲಿ ಮುಂದಿನ ಪೋಪ್ ಹದಿಮೂರನೇ ಗ್ರೆಗರಿ ಅದನ್ನು ಜಪಸರದ ಹಬ್ಬ ಮಾಡಿದರು. ಮಂಗಳೂರಿನ ರೊಜಾರಿಯೊ ಚರ್ಚ್ 1568ರಲ್ಲಿ, ಪೋರ್ಚುಗೀಸರ ಕಾಲದಲ್ಲಿ ಶುರುವಾದದ್ದು. ಅಂದರೆ ಯುದ್ಧಕ್ಕಿಂತ ಮೂರು ವರ್ಷ ಮೊದಲು. ರೊಜಾರಿಯೊ ಎಂದರೆ ಜಪಸರ. ಆ ಹೆಸರು ಯುದ್ಧದಿಂದ ಬಂದದ್ದಲ್ಲ, ಆದರೆ ಆ ಹೆಸರಿನ ಮಾತೆಯ ಹಬ್ಬದ ತಾರೀಖು ಆ ಯುದ್ಧದ ತಾರೀಖು. ಚಿತ್ರ ತೂಗುತ್ತಿದ್ದದ್ದೂ ಜಪಸರ ಮಾತೆಯ ಬಲಿಪೀಠದ ಪಕ್ಕದಲ್ಲೇ ಎಂದು ಆಗಲೇ ಹೇಳಿದೆನಲ್ಲ. ಇದನ್ನು ತಿಳಿದ ಮೇಲೆ ಪಾಂಡೇಶ್ವರದ ಆ ಚರ್ಚ್‌ನ ಗುಮ್ಮಟದ ಕೆಳಗೆ ನಿಂತರೆ ನನಗೆ ಬೇರೆಯೇ ಅನಿಸುತ್ತದೆ.

ಕೊನೆಗೆ, ಆ ಗೆಲುವಿನಿಂದ ಆದದ್ದೇನು? ಒಟ್ಟೊಮನ್ನರು ಚಳಿಗಾಲದಲ್ಲೇ ಹೊಸ ನೌಕಾಪಡೆ ಕಟ್ಟಿಸಿಕೊಂಡು 1572ರ ಬೇಸಿಗೆಯಲ್ಲಿ ಮತ್ತೆ ಕಡಲಿಗೆ ಇಳಿಸಿದರು. ಅವರ ಮುಖ್ಯ ವಜೀರ ಸೊಕೊಲ್ಲು ಮೆಹಮದ್ ಪಾಷಾ ವೆನಿಸ್‌ನ ರಾಯಭಾರಿಗೆ ಹೇಳಿದ ಎನ್ನಲಾದ ಮಾತು ಬಹಳ ಪ್ರಸಿದ್ಧ: ನೀವು ನಮ್ಮ ಗಡ್ಡ ಬೋಳಿಸಿದಿರಿ, ನಾವು ಸೈಪ್ರಸ್ ತೆಗೆದುಕೊಂಡು ನಿಮ್ಮ ತೋಳು ಕಡಿದೆವು. ಗಡ್ಡ ಮತ್ತೆ ಬೆಳೆಯುತ್ತದೆ. ಐದನೇ ಪಿಯುಸ್ 1572ರ ಮೇ ತಿಂಗಳಲ್ಲಿ ತೀರಿಕೊಂಡರು. ಕೂಟ ಸಡಿಲವಾಯಿತು. 1573ರ ಮಾರ್ಚ್‌ನಲ್ಲಿ ವೆನಿಸ್ ಒಂಟಿಯಾಗಿ ಒಟ್ಟೊಮನ್ನರ ಜೊತೆ ಒಪ್ಪಂದ ಮಾಡಿಕೊಂಡಿತು. ಸೈಪ್ರಸ್ ಬಿಟ್ಟುಕೊಟ್ಟಿತು. ಮೇಲೆ 3,00,000 ಡುಕಾಟ್ ಹಣವನ್ನೂ ಕೊಟ್ಟಿತು. ಯಾವ ದ್ವೀಪಕ್ಕಾಗಿ ಯುದ್ಧ ಶುರುವಾಯಿತೋ ಅದು ಮರಳಿ ಬರಲಿಲ್ಲ.

ಆದರೂ ಕೊಟ್ಟ ಮಾತನ್ನು ಆ ಊರು ಬಿಡಲಿಲ್ಲ. ಪ್ರತಿ ವರ್ಷ ಅಕ್ಟೋಬರ್ 7ರಂದು ಡೋಜ್ ಮೆರವಣಿಗೆಯಲ್ಲಿ ಸಂತ ಜುಸ್ತಿನಾಳ ಚರ್ಚ್‌ಗೆ ಹೋಗುತ್ತಿದ್ದ. 1797ರಲ್ಲಿ ನೆಪೋಲಿಯನ್ ಬಂದು ಆ ಗಣರಾಜ್ಯವೇ ಮುಗಿದುಹೋಯಿತು. ಮುರಾನೊದ ಚರ್ಚ್ ಆಮೇಲಿನ ಕೆಲವು ವರ್ಷಗಳಲ್ಲಿ ಮುಚ್ಚಿ, ಈ ಚಿತ್ರ ಗ್ಯಾಲರಿಗೆ ಬಂದಿತು. ಅಲ್ಲಿಯವರೆಗೆ, ಇನ್ನೂರಕ್ಕೂ ಜಾಸ್ತಿ ವರ್ಷ, ಅದು ಬಲಿಪೀಠದ ಎಡಗಡೆ ಇತ್ತು. ಸೈಪ್ರಸ್ ಹೋದ ಮೇಲೂ ಜನ ಜಪಸರ ಹಿಡಿದು ಅದರ ಪಕ್ಕದಲ್ಲಿ ಮಂಡಿಯೂರುತ್ತಿದ್ದರು. ಚಿತ್ರದ ಒಳಗೆ ಬಿಳಿ ಮುಸುಕಿನ ವೆನಿಸ್ ಕೂಡ ಹಾಗೆಯೇ ಮಂಡಿಯೂರಿತ್ತು.